ಮಗಳ ಹೆಸರಿನಲ್ಲಿ ಹಿಡಿದ ಗಿಳಿಗಳು

ದೇವರಲ್ಲಿ ನನಗೆ ತುಂಬ ಹಿಡಿಸುವ ಗುಣವೆಂದರೆ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮಾಡಿದ ಸೇವೆಯನ್ನೂ ಆತ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾನೆ. ನಮ್ಮ ಯಜಮಾನರ ಮಂಡಿನೋವಿಗೆಂದು ಚಂದ್ರಾ ಲೇಔಟಿನ ಆಂಜನೇಯನಿಗೆ ನಲವತ್ತೆಂಟು ದಿನ ಪ್ರದಕ್ಷಿಣೆ ಹಾಕಿದವಳು ನಾನು. ನೋವು ಇಳಿದದ್ದು ಅವರಿಗೆ. ಆಮೇಲೆ ನನಗೆ ಶುರುವಾಯಿತು, ಅದು ಬೇರೆ ಮಾತು. ಈ ಅಭ್ಯಾಸವೇ ಒಂದು ದಿನ ನನ್ನನ್ನು ಡಾಕ್ಟರ ಮುಂದೆ ತಲೆ ತಗ್ಗಿಸಿ ಕೂರಿಸಿತು.

ನಮ್ಮ ಸ್ಮಿತಾ ಮೂರನೆಯ ಕ್ಲಾಸು. ಒಂದು ಚಪಾತಿ ತಿನ್ನುವಷ್ಟರಲ್ಲಿ ನಾಲ್ಕು ಸಲ ಏಳುವ ಹುಡುಗಿ. ಸ್ಕೂಲಿನಿಂದ ದೂರು ಬಂದು ಬಂದು, ಕೊನೆಗೆ ರಾಜಾಜಿನಗರದಲ್ಲಿ ಮಕ್ಕಳ ಮನೋವೈದ್ಯರೊಬ್ಬರಿಗೆ ತೋರಿಸಿದೆವು. "ಇದಕ್ಕೆ ಎ.ಡಿ.ಎಚ್.ಡಿ. ಅಂತಾರಮ್ಮ. ಮಗು ಬೇಕಂತ ಮಾಡ್ತಿಲ್ಲ, ಗಮನ ನಿಲ್ಸೋದೇ ಅವಳಿಗೆ ಕಷ್ಟ" ಎಂದರು ಆ ಮೇಡಂ. ನಾನು ಅವಳಿಗೆ ಬೈಯದೆ ಬಿಟ್ಟಿದ್ದ ದಿನಗಳನ್ನು ಮನಸ್ಸಿನಲ್ಲೇ ಹುಡುಕಿದೆ. ಎರಡೋ ಮೂರೋ ಸಿಕ್ಕವು, ಸದ್ಯ.

ಅವರು ಕೊಟ್ಟದ್ದು ಒಂದು ಸೀಡಿ. ದಿನಾ ಇಪ್ಪತ್ತು ನಿಮಿಷ ಕಂಪ್ಯೂಟರಿನ ಮುಂದೆ ಕೂತು ಆಡಬೇಕು. ಗಿಳಿ ಹಾರಿ ಬಂದರೆ ಗುಂಡಿ ಒತ್ತಬೇಕು, ಕಾಗೆ ಬಂದರೆ ಸುಮ್ಮನಿರಬೇಕು. ಅಂಕಗಳನ್ನು ಅದೇ ಬರೆದಿಟ್ಟುಕೊಳ್ಳುತ್ತದೆ. "ಆರು ವಾರ ನೋಡೋಣ. ಸುಧಾರಿಸದಿದ್ರೆ ಮಾತ್ರೆ ಶುರು ಮಾಡೋಣ" ಎಂದರು. ಮಾತ್ರೆಗೆ ಹೆದರಬೇಕಿಲ್ಲವೆಂದು ಅವರು ಬಿಡಿಸಿ ಹೇಳಿದರೂ, ಇಷ್ಟು ಸಣ್ಣ ಮಗುವಿಗೆ ದಿನಾ ಮಾತ್ರೆಯೇ ಎಂದು ನಾನು ಹೆದರಿಯೇ ಹೆದರಿದೆ.

ಸ್ಮಿತಾ ಆಡತೊಡಗಿದಳು. ಆದರೆ ಮಂಗಳವಾರ, ಶುಕ್ರವಾರ ಸಂಗೀತದ ಪಾಠ ಮುಗಿಸಿ ಬಂದವಳು ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಒಂದು ದಿನ ತಪ್ಪಿದರೂ ವ್ರತಭಂಗವಲ್ಲವೇ? ನಾನೇ ಕೈಕಾಲು ತೊಳೆದು, ಕಂಪ್ಯೂಟರಿಗೆ ನಮಸ್ಕಾರ ಮಾಡಿ, ಮಗಳ ಹೆಸರು, ರಾಶಿ, ನಕ್ಷತ್ರ ಹೇಳಿ ಸಂಕಲ್ಪ ಮಾಡಿಕೊಂಡು ಕೂತೆ. ಐದು ಗಿಳಿ ಹಿಡಿಯುವಷ್ಟರಲ್ಲಿ ಕುಕ್ಕರ್ ಕೂಗಿತು. ಅದನ್ನು ಆರಿಸಿ ಬಂದರೆ ಗೇಟಿನಲ್ಲಿ ಹೂವಿನವಳು. ಮೊಳ ಅಳೆಸಿ ಬಂದರೆ ಗಿಳಿಗಳೆಲ್ಲ ಹಾರಿಹೋಗಿದ್ದವು. ಇನ್ನು ಕಾಗೆ! ಕಾಗೆ ಕಂಡರೆ ನನಗೆ ನಮ್ಮ ಹಿರಿಯರು ನೆನಪಾಗುತ್ತಾರೆ. ಅವರೇ ಬಂದು ಎದುರಿಗೆ ನಿಂತಾಗ ಸುಮ್ಮನಿರುವುದು ಹೇಗೆ? ಬೆರಳು ತಾನಾಗಿ ಒತ್ತಿಬಿಡುತ್ತಿತ್ತು.

ಆರು ವಾರವಾದ ಮೇಲೆ ಅಂಕಗಳನ್ನೆಲ್ಲ ಫ್ಲಾಪಿಗೆ ತುಂಬಿಸಿಕೊಂಡು ಮೂವರೂ ಹೋದೆವು. ಮೇಡಂ ಪರದೆಯ ಮೇಲೆ ಅಂಕಗಳ ಗ್ರಾಫ್ ನೋಡುತ್ತ ನೋಡುತ್ತ ಹುಬ್ಬು ಗಂಟಿಕ್ಕಿದರು.

"ಬೇರೆ ದಿನ ಚೆನ್ನಾಗಿ ಏರ್ತಾ ಇದೆ. ಮಂಗಳವಾರ, ಶುಕ್ರವಾರ ಮಾತ್ರ ಪಾತಾಳಕ್ಕಿಳಿಯುತ್ತೆ. ಅವತ್ತು ಮನೇಲಿ ಏನಾದ್ರೂ ಗಲಾಟೆನಾ?"

"ಗಲಾಟೆ ದಿನಾ ಇರುತ್ತೆ ಮೇಡಂ" ಎಂದರು ನಮ್ಮ ಯಜಮಾನರು, ನನ್ನ ಕಡೆ ನೋಡದೆ.

"ಇಷ್ಟೊಂದು ಏರುಪೇರಿದ್ರೆ ಮಾತ್ರೆ ಶುರು ಮಾಡೋದೇ ಒಳ್ಳೇದು" ಎಂದು ಮೇಡಂ ಚೀಟಿ ಎಳೆದುಕೊಂಡರು.

ಪೆನ್ನು ಕಾಗದಕ್ಕೆ ತಾಗುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು: "ಆ ಎರಡು ದಿನ ಆಡಿದ್ದು ನಾನು ಮೇಡಂ. ಅವಳ ಹೆಸರಲ್ಲಿ."

ಯಜಮಾನರು ಛಾವಣಿ ನೋಡಿದರು. ಸ್ಮಿತಾ ಕುರ್ಚಿಯಿಂದ ಹಾರಿಬಿದ್ದಳು. "ಅಯ್ಯೋ ಅಮ್ಮಾ! ಕಾಗೆ ಬಂದ್ರೆ ಒತ್ಬಾರ್ದು ಕಣಮ್ಮಾ!"

ಮೇಡಂ ನಗು ತಡೆಯಲಾಗದೆ ಪೆನ್ನು ಕೆಳಗಿಟ್ಟರು. ನನ್ನ ದಿನಗಳನ್ನು ಹೊಡೆದುಹಾಕಿ ನೋಡಿದರೆ ಮಗಳ ಗೆರೆ ಮೆಲ್ಲಗೆ ಮೇಲೇರಿತ್ತು. "ಸದ್ಯಕ್ಕೆ ಮಾತ್ರೆ ಬೇಡ, ಇನ್ನೊಂದು ತಿಂಗಳು ನೋಡೋಣ" ಎಂದರು. ಆ ತಿಂಗಳನ್ನು ನಾನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡೆ. ಏಳುವ ಹೊತ್ತಿಗೆ ಅವರೇ ಕರೆದರು: "ಅಮ್ಮಾ, ಈ ಸಲ ನೀವೂ ಆಡಿ. ನಿಮ್ಮ ಹೆಸರಲ್ಲೇ."

ಈಗ ಅವಳದು ಮುಗಿದ ಮೇಲೆ ನನ್ನ ಸರದಿ. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾಳೆ. ನಿನ್ನೆ ಒಲೆಯ ಮೇಲಿನ ಹಾಲು ನೆನಪಾಗಿ ಎದ್ದೆ.

"ನೀನು ಕೂತ್ಕೋ ಅಮ್ಮಾ, ನಾನು ಆರಿಸ್ತೀನಿ" ಎಂದಳು.

ಹೋದಳು, ಗ್ಯಾಸ್ ಆರಿಸಿದಳು, ಎಲ್ಲೂ ನಿಲ್ಲದೆ ನೆಟ್ಟಗೆ ವಾಪಸು ಬಂದು ಕೂತಳು. ಹುಟ್ಟಿದಾಗಿನಿಂದ ಅವಳು ಒಂದು ಕೆಲಸಕ್ಕೆ ಹೋಗಿ ಅದೊಂದನ್ನೇ ಮಾಡಿ ಬಂದದ್ದನ್ನು ನಾನು ಕಂಡಿರಲಿಲ್ಲ. ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ನನ್ನವು ಒಂಬತ್ತು ಗಿಳಿ ಹಾರಿಹೋಗಿದ್ದವು.