ಕೈ ಇಳಿಯದ ಗೌನು

"ಊರ ಮಕ್ಕಳಿಗೆಲ್ಲ ಡಬ್ಬ ಬಿಚ್ಚೋದು ಕಲಿಸ್ತೀರಿ. ಮನೇಲಿ ಒಂದು ಡಬ್ಬದ ಮುಚ್ಚಳ ತೆಗೆಯೋಕೆ ಮಾತ್ರ ನಾನೇ ಬರಬೇಕು!"

ನನ್ನ ವೃತ್ತಿಯ ಬಗ್ಗೆ ನನ್ನ ಧರ್ಮಪತ್ನಿಗಿರುವ ಗೌರವ ಇಷ್ಟು. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಮೇಷ್ಟ್ರು. ಡಬ್ಬ, ಕೊಳವೆ, ಆಲಿಕೆ, ಏನನ್ನಾದರೂ ಕೊಡಿ, ಅದರ ಮೈಯನ್ನು ಬಿಚ್ಚಿ ಕಾಗದದ ಮೇಲೆ ಚಪ್ಪಟೆಯಾಗಿ ಹರಡಿ ತೋರಿಸುತ್ತೇನೆ. ಆ ನಕ್ಷೆಯಂತೆ ತಗಡು ಕತ್ತರಿಸಿ ಮಡಚಿದರೆ ಅದೇ ಡಬ್ಬ, ಅದೇ ಆಲಿಕೆ ಎದ್ದು ನಿಲ್ಲಬೇಕು. ಇಂಥ ಮಹಾವಿದ್ಯೆಯಿಂದ ಮನೆಗೆ ಮೂರು ಕಾಸಿನ ಉಪಯೋಗವಿಲ್ಲ ಎನ್ನುವುದು ಅವಳ ತೀರ್ಪು. (ಮೇಲ್ಮನವಿಗೆ ಅವಕಾಶವಿಲ್ಲ.)

ಅವಳು ಶಾಲೆಯಲ್ಲಿ ಸಂಗೀತದ ಟೀಚರ್. ಈ ವರ್ಷ ಮೊದಲ ಬಾರಿಗೆ ವಾರ್ಷಿಕೋತ್ಸವದ ಸಮೂಹಗಾನ ಅವಳ ಪಾಲಿಗೆ ಬಂದಿತ್ತು. ಚೆನ್ನಾಗಿ ಬಂದರೆ ಮುಂದೆಯೂ ಅವಳದೇ, ಕೆಟ್ಟರೆ ಡ್ರಿಲ್ ಮಾಸ್ತರಿಗೆ ಕೊಡುತ್ತೇನೆ ಎಂದು ಹೊಸ ಹೆಡ್‌ಮಿಸ್ ಮುಖದ ಮೇಲೆ ಹೊಡೆದಂತೆ ಹೇಳಿದ್ದರು. ಇವಳು ಊಟ ನಿದ್ದೆ ಬಿಟ್ಟು ಮಕ್ಕಳನ್ನು ತಯಾರು ಮಾಡಿದಳು. ನಿಯಮ ಒಂದೇ. ಟೀಚರ್ ಕೈ ಚಾಚಿ ಎತ್ತಿದರೆ ಹಾಡು ಶುರು, ಇಳಿಸಿದರೆ ಬಂದ್. "ನನ್ನ ಕೈ ಇಳಿಯೋ ತನಕ ಆಕಾಶಾನೇ ಕಳಚಿಬಿದ್ರೂ ಹಾಡ್ತಾನೇ ಇರ್ಬೇಕು!"

ವಾರ್ಷಿಕೋತ್ಸವದಂದು ಟೀಚರುಗಳೆಲ್ಲ ಒಂದೇ ನೀಲಿ ಬಟ್ಟೆಯ ಗೌನು ಹಾಕಬೇಕೆಂದು ಹೆಡ್‌ಮಿಸ್ಸರ ಅಪ್ಪಣೆಯಾಗಿತ್ತು. ಬಟ್ಟೆಯೋ, ನಿಲ್ಲಿಸಿದರೆ ತಾನೇ ನಿಲ್ಲುವಷ್ಟು ದಪ್ಪ. ಹಿಂದಿನ ದಿನ ಟೈಲರ್ "ನಿಮ್ಮದೊಂದು ಆಗಲಿಲ್ಲಮ್ಮ" ಎಂದು ಕೈಚೆಲ್ಲಿದ. ಇವಳು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅಳುವುದೊಂದು ಬಾಕಿ.

"ನಾನಿಲ್ವೇನೇ?" ಎಂದೆ.

"ಇದೀರಲ್ಲ, ಅದೇ ಭಯ."

"ಕೊಳವೆಗೇ ತಗಡಿನ ಅಂಗಿ ತೊಡಿಸೋನು ನಾನು, ನಿನಗೆ ತೊಡಿಸೋದು ದೊಡ್ಡ ಮಾತಾ? ಏಳು, ಕೈ ಎರಡೂ ಚಾಚಿ ನಿಲ್ಲು. ಹಾಡಿಸುವಾಗ ನಿಲ್ತೀಯಲ್ಲ, ಹಾಗೇ."

ಬೇರೆ ದಾರಿಯಿಲ್ಲದೆ ನಿಂತಳು. ನಾನು ಟೇಪು ಹಿಡಿದು ವಿವರಿಸಿದೆ: "ನೋಡು, ನೀನೀಗ ಇಂಗ್ಲಿಷ್ 'T' ಅಕ್ಷರದ ಆಕಾರದ ಪೈಪು. ಮೈ ಅನ್ನೋದು ಒಂದು ಸಿಲಿಂಡರ್."

"ಏನಂದ್ರಿ? ಗ್ಯಾಸ್ ಸಿಲಿಂಡರ್ ಅಂತ ನೇರವಾಗೇ ಹೇಳ್ಬಿಡಿ!"

"ಅಲ್ಲ ಕಣೇ, ಬೇಕಾದ್ರೆ ಕೋನ್ ಅಂತ ಇಟ್ಕೊಳ್ಳೋಣ."

"ಚೂಪು ಮೇಲೋ ಕೆಳಗೋ?"

ಮೇಲೆ ಎಂದರೆ ಸೊಂಟದ ಅವಮಾನ, ಕೆಳಗೆ ಎಂದರೆ ಭುಜದ ಅವಮಾನ. ಸಂಸಾರದ ಅನುಭವ ನನ್ನನ್ನು ಕಾಪಾಡಿತು. ಬಾಯಿ ಮುಚ್ಚಿಕೊಂಡು ಅಳತೆ ಬರೆದುಕೊಂಡೆ.

ರೇಖೆಗೆ ರೇಖೆ ಸೇರಿಸಿ, ತೋಳಿನ ಪೈಪು ಮೈಯ ಪೈಪನ್ನು ಕೂಡುವ ಬಾಗನ್ನು ಕರಾರುವಾಕ್ಕಾಗಿ ಎಳೆದು ನಕ್ಷೆ ಮಾಡಿದೆ. ಒಂದು ಕೂದಲಿನಷ್ಟೂ ಹೆಚ್ಚಿಗೆ ಬಿಡಲಿಲ್ಲ. ತಗಡಿನ ಕೆಲಸದಲ್ಲಿ ಸಡಿಲ ಬಿಟ್ಟರೆ ನೀರು ಸೋರುತ್ತದೆ! ಮರುದಿನ ಅವಳ ಹೊಲಿಗೆ ಯಂತ್ರದ ಮೇಲೆ ನಾನೇ ಹೊಲಿದು, ಹೊರಡುವ ಹೊತ್ತಿಗೆ ತೊಡಿಸಿ ಬೆನ್ನಿನ ಜಿಪ್ ಎಳೆದೆ. ಕನ್ನಡಿಯ ಮುಂದೆ ಕೈ ಚಾಚಿ ನಿಂತವಳ ಮೈಮೇಲೆ ಒಂದು ಸುಕ್ಕಿಲ್ಲ.

"ಪರವಾಗಿಲ್ಲ ಕಣ್ರೀ, ಚೆನ್ನಾಗೇ ಇದೆ," ಎಂದಳು. ಮದುವೆಯಾದಂದಿನಿಂದ ಕಾಯುತ್ತಿದ್ದ ಮಾತು! ನನ್ನೆದೆ ಉಬ್ಬಿತು.

"ರೀ… ಕೈ ಇಳೀತಿಲ್ಲ."

ಒತ್ತಿದೆ, ಬಗ್ಗಿಸಿದೆ, ಜಗ್ಗಿದೆ. ಊಹೂಂ. ಯಾವ ಭಂಗಿಯಲ್ಲಿ ಅಳೆದಿದ್ದೆನೋ ಆ ಭಂಗಿಯನ್ನು ಬಿಟ್ಟು ಗೌನು ಅಲ್ಲಾಡಲಿಲ್ಲ.

"ವೇದಿಕೆ ಮೇಲೆ ಹೇಗೂ ಕೈ ಚಾಚಿಯೇ ಇರ್ತೀಯಲ್ಲ, ಇಳಿಸೋ ಕೆಲಸ ಏನಿದೆ?" ಎಂದೆ. ಆ ಗಳಿಗೆಯಲ್ಲಿ ಅದು ಅಖಂಡನೀಯ ತರ್ಕವಾಗಿ ಕಂಡಿತು. ಸಮಯ ಮೀರಿತ್ತು. ಅವಳು ಏಡಿಯಂತೆ ಅಡ್ಡಡ್ಡ ನಡೆದು ಬಾಗಿಲು ದಾಟಿದಳು.

ಬಾಡಿಗೆ ಕಾರಿನಲ್ಲಿ ಅವಳ ಬಲಗೈ ಕಿಟಕಿಯಿಂದ ಹೊರಗೆ, ಎಡಗೈ ನನ್ನ ಕುತ್ತಿಗೆಗೆ ಅಡ್ಡ. (ನೋಡಿದವರಿಗೆ ಸರಸ, ನನಗೆ ಉಸಿರಾಟದ ಪ್ರಶ್ನೆ.)

"ಅಮ್ಮಾ, ಕೈ ಒಳಗಿಟ್ಕೊಳ್ಳಿ. ನಾನು ಬಲಕ್ಕೆ ತಿರುಗ್ತೀನಿ ಅಂದ್ಕೊಂಡು ಹಿಂದಿನ ಗಾಡಿಯವರು ಬೈತಿದಾರೆ," ಎಂದ ಚಾಲಕ.

"ಇವರನ್ನ ಕೇಳಪ್ಪ!" ಎಂದಳು.

ಸಭಾಂಗಣ ಕಿಕ್ಕಿರಿದಿತ್ತು. ಚಾಚಿದ ಕೈಯಲ್ಲೇ ವೇದಿಕೆ ಹತ್ತಿದ ಇವಳನ್ನು ಕಂಡದ್ದೇ ತಡ, ಮಕ್ಕಳು ಹಾಡತೊಡಗಿದರು. ಎಂಥ ಹಾಡು! ಅವಳ ಬೆರಳ ತುದಿ ಕುಣಿದಂತೆ ದನಿಗಳು ಏರಿ ಇಳಿದವು. ಹಾಡು ಮುಗಿಯಿತು. ಕೈ ಇಳಿಯಲಿಲ್ಲ. ಮಕ್ಕಳು ಮೊದಲಿನಿಂದ ಹಿಡಿದರು. ಜನ ಚಪ್ಪಾಳೆ ತಟ್ಟಿದರು. ಮತ್ತೆ ಮುಗಿಯಿತು, ಮತ್ತೆ ಹಿಡಿದರು. ಮುಂದಿನ ಸಾಲಿನ ಪುಟ್ಟಿಯರ ಮುಖ ಕೆಂಪಾಗಿ, ದನಿ ಕೀರಲಾಗತೊಡಗಿತು. ಹೆಡ್‌ಮಿಸ್ ಗಡಿಯಾರ ನೋಡಿಕೊಂಡರು. ಇವಳು ಕತ್ತನ್ನಷ್ಟೇ ತಿರುಗಿಸಿ ನನ್ನನ್ನು ನೋಡಿದಳು. ಆ ನೋಟಕ್ಕೆ ಭಾಷ್ಯ ಬೇಕಿರಲಿಲ್ಲ.

ಒಂದೇ ಓಟಕ್ಕೆ ವೇದಿಕೆ ಹತ್ತಿ ಅವಳ ಬಲಗೈಗೆ ಜೋತುಬಿದ್ದೆ. ಚರ್ರ್! ಭುಜದಿಂದ ಸೊಂಟದವರೆಗೆ ನನ್ನ ಶಾಸ್ತ್ರವೆಲ್ಲ ಹರಿದುಹೋಯಿತು. ಗೌನು ಸಡಿಲಾಗಿ ಎರಡೂ ಕೈ ಇಳಿದವು, ಹಾಡು ನಿಂತಿತು. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಏನಾದರೂ ಹೇಳಲೇಬೇಕಲ್ಲ! "ದಯವಿಟ್ಟು ಕ್ಷಮಿಸಿ," ಎಂದು ಜನರ ಕಡೆಗೆ ಎರಡೂ ಕೈ ಎತ್ತಿದೆ.

ಮಕ್ಕಳು ಹಾಡು ಶುರು ಮಾಡಿದರು.

"ಕೈ ಇಳಿಸ್ರೀ!" ಹರಿದ ಗೌನು ಹಿಡಿದುಕೊಂಡು ಇವಳು ಹಲ್ಲು ಕಚ್ಚಿದಳು. ಇಳಿಸಿದೆ. ಕತ್ತರಿಸಿದಂತೆ ಹಾಡು ನಿಂತಿತು. ಸಭಾಂಗಣ ನಗೆಯಲ್ಲಿ ಬಿರಿದು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಪರದೆಯ ಹಿಂದೆ ನನ್ನ ಕೋಟು ಹೊದಿಸಿ, ತಲೆ ತಗ್ಗಿಸಿ ಸಿಡಿಲಿಗಾಗಿ ಕಾದೆ. ಸಿಡಿಲಿನ ಬದಲು ನಗು ಬಂತು. ಬೆಂಚಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳು ಹಾಗೆ ನಗುವುದನ್ನು ನೋಡಿ ನನಗೂ ಜೀವ ಬಂತು.

ಅಷ್ಟರಲ್ಲಿ ಹೆಡ್‌ಮಿಸ್ ಬಂದರು. "ಟೀಚರ್, ಶಿಸ್ತು ಅಂದ್ರೆ ಇದು! ಇನ್ಮೇಲೆ ಪ್ರತಿವರ್ಷ ಸಮೂಹಗಾನ ನಿಮ್ಮದೇ." ಆಮೇಲೆ ನನ್ನತ್ತ ಬೆರಳು ತೋರಿಸಿ ಅವಳನ್ನೇ ಕೇಳಿದರು, "ಕೊನೇಲಿ ಹಾಸ್ಯಕ್ಕೆ ಅಂತ ಇವರನ್ನ ಎಲ್ಲಿಂದ ಕರೆಸಿದ್ರಿ? ಮುಖ ನೋಡಿದ್ರೇನೇ ನಗು ಬರುತ್ತೆ. ಮುಂದಿನ ವರ್ಷಕ್ಕೂ ಈಗಲೇ ಹೇಳಿಟ್ಟುಬಿಡಿ."

ನನ್ನ ಹುದ್ದೆಯನ್ನೂ ಪದವಿಯನ್ನೂ ತಿಳಿಸೋಣವೆಂದು ಗಂಟಲು ಸರಿಮಾಡಿಕೊಂಡೆ. ನನ್ನವಳೇ ಮುಂದಾದಳು:

"ಹೇಳಿಡೋದೇನು ಬಂತು ಮೇಡಂ, ದಿನಾ ಮನೇಲೇ ಇರ್ತಾರೆ."