ದರ್ಜಿಯ ಮನೆಯ ಒಂದು ಓಟು

ಈ ಸಲ ಹೆಂಡತಿಯ ಓಟನ್ನು ಏಣಿ ಗುರುತಿಗೆ ಹಾಕಿಸದಿದ್ದರೆ ತಾವು ಕತ್ತರಿ ಹಿಡಿದ ಗಂಡಸೇ ಅಲ್ಲ ಎಂದು ದರ್ಜಿರಾಯರು ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು ಶಪಥ ಮಾಡಿದರು. ಊರಿನ ಅಷ್ಟೂ ಸೊಂಟಗಳ ಅಳತೆ ಬಲ್ಲವರಿಗೆ ಒಂದು ಮನಸ್ಸನ್ನು ಅತ್ತಿಂದಿತ್ತ ತಿರುಗಿಸುವುದು ಯಾವ ಮಹಾ ಕೆಲಸ! ಚುನಾವಣೆಗೆ ಇನ್ನೂ ಹದಿನೈದು ದಿನ ಇತ್ತು.

ಹೆಂಡತಿ ಅದೇ ಮೇಜಿನ ಆಚೆ ಬದಿಯಲ್ಲಿ ಕೂತು ಕಾಜ, ಗುಂಡಿ, ಕೈಹೊಲಿಗೆಯ ಕೆಲಸ ನೋಡಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷಗಳಿಂದ ರಾಯರದು ಏಣಿ, ಆಕೆಯದು ಗಂಟೆ. ಇಬ್ಬರೂ ಒಟ್ಟಿಗೆ ಹೋಗಿ, ಒಬ್ಬರ ಓಟನ್ನು ಇನ್ನೊಬ್ಬರು ಹೊಡೆದುಹಾಕಿ, ಒಟ್ಟಿಗೇ ಮನೆಗೆ ಬಂದು ಊಟ ಮಾಡುತ್ತಿದ್ದರು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಈ ಸಲ ಗಂಟೆಯವರು ಊರಿನ ನಿವೃತ್ತ ಶಾಲಾ ಮೇಷ್ಟ್ರನ್ನು ಚುನಾವಣೆಗೆ ನಿಲ್ಲಿಸಿದರು, ಮೇಷ್ಟ್ರು ಭಾಷಣಕ್ಕೊಂದು ಕೋಟು ಬೇಕೆಂದು ನೇರವಾಗಿ ಇದೇ ಅಂಗಡಿಗೆ ಬಂದರು.

ರಾಯರು ಅವರ ಎದೆಯ ಅಳತೆ ತೆಗೆಯುತ್ತಿದ್ದಾಗ ಹೆಂಡತಿ, ಸಂಜೆಯ ಬಸ್ಸು ರದ್ದಾದಮೇಲೆ ಆಸ್ಪತ್ರೆಯ ಆಯಾಗಳು ನಡೆದೇ ಮನೆ ಸೇರುತ್ತಾರೆ ಎಂದು ತಮ್ಮ ಪಾಡಿಗೆ ಹೇಳಿದರು. ಮೇಷ್ಟ್ರು ಟೇಪು ಸುತ್ತಿಕೊಂಡಂತೆಯೇ ಆಕೆಯ ಕಡೆ ತಿರುಗಿದರು. ಪೂರ್ತಿ ಕೇಳಿದರು. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಹೋಗುವಾಗ, ಈ ಮಾತನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದರು.

"ಎಂಥಾ ಮನುಷ್ಯರು ನೋಡಿ" ಎಂದರು ಹೆಂಡತಿ. ಅದನ್ನೇ ಸಾಯಂಕಾಲದೊಳಗೆ ಇನ್ನೂ ಎರಡು ಸಲ ಹೇಳಿದರು. ರಾಯರ ಹೊಟ್ಟೆಯಲ್ಲಿ ಯಾರೋ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದಂತಾಯಿತು. ಅಸೂಯೆ ಎಂದರೆ ಶುದ್ಧ ಅಸೂಯೆ, ಒಂದು ದಾರವೂ ಬೆರಕೆಯಿಲ್ಲದ್ದು.

ಮರುದಿನದಿಂದ ಪ್ರಚಾರ ಶುರುವಾಯಿತು. ಏಣಿಯ ಅಭ್ಯರ್ಥಿಯಾದ ಕಂಟ್ರಾಕ್ಟರನ ಗುಣಗಾನ ಬೆಳಗಿನ ಕಾಫಿಯಿಂದ ಹಿಡಿದು ಅಂಗಡಿಯ ಬಾಗಿಲು ಹಾಕುವತನಕ ನಡೆಯಿತು. ಆಕೆ "ಹೂಂ" ಎನ್ನುತ್ತಾ ಮೇಷ್ಟ್ರ ಕೋಟಿಗೆ ರೇಷ್ಮೆ ದಾರದಲ್ಲಿ ಕಾಜ ಹಾಕುತ್ತಿದ್ದರು. ರೇಷ್ಮೆ ದಾರ! ಸ್ವಂತ ಗಂಡನ ಅಂಗಿಯ ಎರಡನೇ ಗುಂಡಿ ಒಂದು ತಿಂಗಳಿಂದ ನೇತಾಡುತ್ತಿತ್ತು.

ರಾಯರ ತಲೆ ಕೆಟ್ಟಿತು. ಭಾಷಣದ ಹಿಂದಿನ ದಿನ, ಹೆಂಡತಿ ಅಕ್ಕನ ಮನೆಗೆ ಹೋಗಿದ್ದಾಗ, ಕೋಟಿನ ಬಲತೋಳಿನ ಗಟ್ಟಿ ಹೊಲಿಗೆಯನ್ನೆಲ್ಲ ಬಿಚ್ಚಿದರು. ಆ ಜಾಗದಲ್ಲಿ, ಅಳತೆ ನೋಡಲು ತಾತ್ಕಾಲಿಕವಾಗಿ ಹಾಕುವ ಕಚ್ಚಾ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ, ತಾವೇ ಮೇಷ್ಟ್ರ ಮನೆಗೆ ಮುಟ್ಟಿಸಿ ಬಂದರು. ಇಪ್ಪತ್ತು ವರ್ಷದ ವೃತ್ತಿಧರ್ಮ ಅರ್ಧ ಗಂಟೆಯಲ್ಲಿ ಬಿಚ್ಚಿಹೋಯಿತು.

ಚೌಕದಲ್ಲಿ ಜನ ಕಿಕ್ಕಿರಿದಿದ್ದರು. ಮೇಷ್ಟ್ರು ವೇದಿಕೆಯ ಮೇಲೆ ಬಲಗೈ ಎತ್ತಿದ್ದೇ ತಡ, ಕೋಟಿನ ತೋಳು ಭುಜದ ಬಳಿ ಬಿಚ್ಚಿಕೊಂಡು ಜೋತುಬಿತ್ತು. ಜನ ಗೊಳ್ಳೆಂದರು, ರಾಯರು ಎಲ್ಲರಿಗಿಂತ ಜೋರಾಗಿ. ಮೇಷ್ಟ್ರು ತಾವೂ ನಕ್ಕು, ಯಾರ ಹತ್ತಿರವಾದರೂ ಸೂಜಿ ಇದೆಯೇ ಎಂದರು. ರಾಯರ ಪಕ್ಕದಿಂದ ಹೆಂಡತಿ ಎದ್ದು ವೇದಿಕೆ ಹತ್ತಿದರು.

ಆಕೆ ಹೊಲಿಯಲು ಶುರುಮಾಡಿದರು. ಹೊಲಿಗೆ ಮುಗಿಯುವತನಕ ಸುಮ್ಮನೆ ನಿಲ್ಲುವುದೇಕೆ ಎಂದು ಮೇಷ್ಟ್ರು ಮೈಕನ್ನು ಆಕೆಯ ಬಾಯಿಯ ಹತ್ತಿರ ಹಿಡಿದು, ಬಸ್ಸಿನ ವಿಷಯ ಹೇಳಿ ಎಂದರು. ಆಕೆ ಹೇಳಿದರು. ಮೇಷ್ಟ್ರು ತಲೆದೂಗುತ್ತಾ ಮೈಕು ಹಿಡಿದೇ ನಿಂತರು. ಚಪ್ಪಾಳೆಯ ಮಳೆ! ಮೇಷ್ಟ್ರ ಭುಜದ ಮೇಲೆ ಹೆಂಡತಿಯ ಕೈ, ಹೆಂಡತಿಯ ಮುಖದಲ್ಲಿ ತಾವು ಮದುವೆಯಾದ ಹೊಸದರಲ್ಲಿ ಕಂಡಿದ್ದ ಕಳೆ. ಇದನ್ನೆಲ್ಲ ಮಾಡಿಸಿದ ಮಹಾನುಭಾವ ತಾವೇ ಎಂದು ನೆನೆದು ರಾಯರಿಗೆ ಅಳು ಬಂತು.

ಮನೆಗೆ ಬಂದು ಆಕೆ ಎದುರಿಗೆ ಕೂತರು.

"ಆ ತೋಳಲ್ಲಿ ಅರ್ಧ ಬೆರಳಿಗೊಂದು ಕಚ್ಚಾ ಹೊಲಿಗೆ. ನಿಮ್ಮ ಕೈ ನನಗೆ ಗೊತ್ತಾಗಲ್ವಾ?"

ರಾಯರು ತಪ್ಪೊಪ್ಪಿಕೊಂಡರು. ಹೊಟ್ಟೆಯುರಿ ತಡೆಯಲಾಗಲಿಲ್ಲ ಎಂದರು. ನೀನು ನನ್ನನ್ನು ಹಾಗೆ ಹೊಗಳಿ ಎಷ್ಟು ವರ್ಷವಾಯಿತು ಎಂದೂ ಕೇಳಿದರು. ಆಕೆಗೆ ನಗು ಬಂತು, ಸ್ವಲ್ಪ ಮರುಕವೂ ಬಂತು.

"ಇಷ್ಟು ವಯಸ್ಸಲ್ಲಿ ನನಗೋಸ್ಕರ ಹೊಟ್ಟೆ ಉರ್ಕೊಳ್ಳೋರು ಇದಾರಲ್ಲ, ಸಾಕು ಬಿಡಿ. ಇನ್ನು ಓಟಿನ ವಿಷಯ. ನಾನೂ ಯೋಚನೆ ಮಾಡಿದೆ. ನಿಮ್ಮ ಕಂಟ್ರಾಕ್ಟರು..."

ಕಂಟ್ರಾಕ್ಟರು ಎಂಬ ಪದ ಕಿವಿಗೆ ಬಿದ್ದದ್ದೇ ರಾಯರು ಕೈ ಎತ್ತಿ ಆಕೆಯನ್ನು ತಡೆದರು. ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡಿದರು. ಸೇತುವೆ ಬಂತು, ಚರಂಡಿ ಬಂತು, ಹೆಂಗಸರಿಗೆ ರಾಜಕೀಯ ಏಕೆ ಅರ್ಥವಾಗುವುದಿಲ್ಲ ಎಂಬುದೂ ಬಂತು. ಆಕೆ ಒಂದು ಸಲವೂ ಎದುರಾಡದೆ ಕೇಳಿಸಿಕೊಂಡರು. ಇಂಥ ಅಮೋಘ ವಾದಕ್ಕೆ ಉತ್ತರವಿಲ್ಲ ಎಂದು ರಾಯರು ಖುಷಿಯಾಗಿ ನೀರು ಕುಡಿದರು.

ಭಾನುವಾರ ಓಟು ಹಾಕಿ ಹೊರಗೆ ಬರುವಾಗ ಅವರಿಗೆ ನೆನಪಾಯಿತು.

"ಅವತ್ತು ಏನೋ ಹೇಳೋಕೆ ಹೊರಟಿದ್ದೆಯಲ್ಲ?"

"ನಿಮ್ಮ ಏಣಿಗೇ ಹಾಕ್ತೀನಿ ಅಂತ ಹೇಳೋಣ ಅಂತಿದ್ದೆ."

"ಮತ್ತೆ? ಹಾಕಿದೆಯಾ?"

"ಇಲ್ಲ. ನೀವು ಅಷ್ಟು ಹೊತ್ತು ತಿಳಿಸಿ ಹೇಳಿದಿರಲ್ಲ, ಮನಸ್ಸು ಬದಲಾಯಿತು."