ಎರೆಭೂತ ಕಂಡಿತು

ಕಾಣದ ಊರುಗಳ ಬಗ್ಗೆ ಧೈರ್ಯವಾಗಿ ಮಾತಾಡುವುದಕ್ಕೆ ಪಗಾರ ಕೊಡುವ ನೌಕರಿಯೆಂದರೆ ಭೂಗೋಳ ಕಲಿಸುವವರದ್ದೇ ಇರಬೇಕು. ಮೂಡಲಗಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ನಾನು ಅದನ್ನೇ ಮಾಡುತ್ತಿದ್ದೇನೆ. ಗೋವೆಯಲ್ಲಿ ಒಮ್ಮೆ ಸಮುದ್ರ ನೋಡಿದ್ದು ಬಿಟ್ಟರೆ, ಹಿಮನದಿ, ಜ್ವಾಲಾಮುಖಿ, ಮರುಭೂಮಿ ಎಲ್ಲವೂ ನನಗೆ ಕಪ್ಪು ಹಲಗೆಯ ಮೇಲಷ್ಟೇ ಪರಿಚಯ. ಒಂಟೆ ಬಿಡಿಸುವುದರಲ್ಲಿ ಕೈ ಪಳಗಿದೆ. ಕಾಲು ಮಾತ್ರ ಪ್ರತಿ ಸಲವೂ ಎಮ್ಮೆಯದಾಗುತ್ತದೆ. ಹೀಗಿರುವಾಗ ಒಂದು ದಿನ ಎರೆಭೂತ ಎಂಬ ಅಪರೂಪದ ದೊಡ್ಡ ಹಕ್ಕಿಯ ವಿಷಯ ಹೇಳುತ್ತಿದ್ದೆ. ಹಿಂದಿನ ಬೆಂಚಿನ ರೇಷ್ಮಾ ಎದ್ದು, “ನೀವು ನೋಡೀರೇನ್ರಿ ಟೀಚರ್?” ಎಂದು ಕೇಳಿದಳು. “ದಸರಾ ಸೂಟ್ಯಾಗ ನೋಡಾಕ ಹೊಂಟೇನಿ” ಎಂದುಬಿಟ್ಟೆ. ಆ ಮಾತು ಬಾಯಿಂದ ಬೀಳುವವರೆಗೂ ಅಂಥ ಯೋಚನೆ ನನಗೇ ಇರಲಿಲ್ಲ.

ಘಟಪ್ರಭೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮನೆಯವರಿಗೆ ಕಾರು ಓಡಿಸಲು ನೆಪವೊಂದಿದ್ದರೆ ಸಾಕು. ಒಂಬತ್ತನೆಯ ತರಗತಿಯ ಮಗಳು ಸೃಷ್ಟಿ ಬ್ಯಾಗು ತುಂಬಿಯೇಬಿಟ್ಟಳು. ಅತ್ತೆಯನ್ನು ಘೋಡಗೇರಿಯ ಮೈದುನನ ಮನೆಯಲ್ಲಿ ಬಿಟ್ಟು ಹೋಗೋಣ ಎಂದು ನಾನು ಮೆಲ್ಲಗೆ ಸೂಚಿಸಿದೆ. ಅಷ್ಟರಲ್ಲಿ ಅವರು ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಸಮೇತ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು.

ಮೂರು ದಿನ ಕಾರಿನಲ್ಲಿ ಕುಳಿತು ಜೈಸಲ್ಮೇರ್ ತಲುಪಿದೆವು. ಮರುದಿನ ಬೆಳಿಗ್ಗೆ ಮರುಭೂಮಿ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಚೀಟಿ ಮಾಡಿಸಿ ಒಳಗೆ ಹೋದೆವು. ಉದ್ಯಾನ ಎಂದ ಮೇಲೆ ಹೂವಿನ ಗಿಡ, ಕೂರಲು ಬೆಂಚು ಇರುತ್ತವೆಂದು ಅತ್ತೆ ತಿಳಿದಿದ್ದರು. ನಾನು, ಓದಿದವಳು, ಸಮುದ್ರದ ಅಲೆಯಂಥ ಮರಳ ದಿಬ್ಬಗಳನ್ನು ಕಲ್ಪಿಸಿಕೊಂಡಿದ್ದೆ. ಎದುರಿಗಿದ್ದದ್ದು ಕಲ್ಲು, ಮುಳ್ಳುಕಂಟಿ, ಒಣ ಹುಲ್ಲು, ನಡುವೆ ಒಂದು ದಾರಿ. ಅತ್ತೆ ಬಹಳ ಹೊತ್ತು ಕಿಟಕಿಯಾಚೆ ನೋಡಿ ಹೇಳಿದರು: “ಅಲ್ಲವಾ, ಇದನ್ನ ನೋಡಾಕ ಮೂರು ದಿನ ಬಂದ್ವೇನು? ಇಂಥಾ ಮಡ್ಡಿ ನಮ್ಮ ಘೋಡಗೇರಿ ಹೊಲದ ಬಾಜೂಕ ಐತಲ್ಲ.”

ನನ್ನ ವಿಷಯಕ್ಕೇ ಅವಮಾನವಾದಂತೆನಿಸಿತು. ನಮ್ಮ ಕಡೆಯ ಬರಡು ಮಡ್ಡಿಗೂ ಮರುಭೂಮಿಗೂ ಇರುವ ಭೇದವನ್ನು ವಿವರಿಸತೊಡಗಿದೆ. ಆ ಪಾಠ ನಡೆದಿರುವಾಗಲೇ ಒಂದು ಕಡೆ ಗಾಳಿಗೆ ಮರಳು ಬಂದು ದಾರಿಯನ್ನು ಮುಚ್ಚಿದ್ದು ಕಂಡಿತು. ಮನೆಯವರು ಕಾರು ನಿಲ್ಲಿಸಿ, “ಇಳದು ನೋಡ್ತೇನಿ ತಡಿ” ಎಂದರು. “ಇಂಥಲ್ಲಿ ಮ್ಯಾಲಷ್ಟ ಉಸುಕು ಇರತೈತ್ರಿ, ತಳಕ್ಕ ಗಟ್ಟಿ ನೆಲ. ನಡೀರಿ” ಎಂದೆ. ಪಾಪ, ಅವರು ನಂಬಿದರು. ಹತ್ತು ಹೆಜ್ಜೆ ಹೋಗುವುದರಲ್ಲಿ ಹಿಂದಿನ ಚಕ್ರಗಳೆರಡೂ ಅರ್ಧ ಹೂತುಹೋದವು. ಮನೆಯವರು ಬೈಯದೆ ಇಳಿದು ಚಕ್ರ ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ನೀರು ಎರಡೇ ಬಾಟಲಿ ಉಳಿದಿತ್ತು, ಬಿಸಿಲು ಏರುತ್ತಿತ್ತು. ನನಗೆ ನಿಜವಾಗಿಯೂ ಭಯವಾಯಿತು. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಒಬ್ಬ ಮುದುಕ ಬಂದ. ನಾನು ಮುಂದೆ ಹೋಗಿ, ಹಿಂದಿ ಪರೀಕ್ಷೆಯಲ್ಲಿ ಪಾಸಾದ ಧೈರ್ಯದಿಂದ, ನಮ್ಮ ವಾಹನವು ಸಂಕಟದಲ್ಲಿರುವುದನ್ನೂ ಅವನ ಸಹಾಯಕ್ಕೆ ನಾವು ಚಿರಋಣಿಗಳಾಗಿರುವುದನ್ನೂ ಶುದ್ಧವಾಗಿ ತಿಳಿಸಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತ ನಿಂತ. ಅತ್ತೆ ಕಾರಿನಿಂದಿಳಿದು, “ಕಾಕಾ, ಗಾಡಿ ಹೂತೈತಿ, ಒಂದೀಟು ಕೈ ಹಚ್ಚು” ಎಂದರು. ಅವನು ತಲೆಯಾಡಿಸಿ, ಕೋಲು ಕೆಳಗಿಟ್ಟು, ಕೈ ಹಚ್ಚಿಯೇಬಿಟ್ಟ. ಅಲ್ಲಿಂದ ಮುಂದೆ ಅವನು ಮಾರವಾಡಿಯಲ್ಲಿ, ಅತ್ತೆ ಕನ್ನಡದಲ್ಲಿ ಮಾತಾಡಿಕೊಂಡರು. ಕುರಿಯ ಮೇವಿನಿಂದ ಸೊಸೆಯಂದಿರ ತನಕ ಎಲ್ಲ ವಿಷಯ ಬಂದಿತೆಂದು ನನ್ನ ಅನುಮಾನ, ಏಕೆಂದರೆ ಇಬ್ಬರೂ ಒಮ್ಮೆ ಒಟ್ಟಿಗೇ ನನ್ನ ಕಡೆ ತಿರುಗಿ ನೋಡಿದರು.

“ಎರಿಯಾಗ ಚಕ್ಕಡಿ ಹೂತ್ರ ನಾವು ಗಾಲಿ ತಳಕ್ಕ ಕಬ್ಬಿನ ರವದಿ ಹಾಕ್ತಿದ್ವಿ” ಎಂದರು ಅತ್ತೆ. ಅದು ನಮ್ಮೂರ ಕಪ್ಪು ಮಣ್ಣಿನ ಮಾತು; ಇಲ್ಲಿ ಕಬ್ಬೂ ಇಲ್ಲ, ಅದರ ಒಣಗರಿಯೂ ಇಲ್ಲ. ಅದರ ಬದಲಿಗೆ ಕಾರಿನ ಮ್ಯಾಟುಗಳನ್ನು ತೆಗೆಸಿದರು. ಊಟದ ತಾಟಿನಿಂದ ಉಸುಕು ತೋಡುವ ಕೆಲಸ ನನಗೆ ಬಂತು. ಬೋರಲಾಗಿ ಮಲಗಿ ಕಾರಿನ ಕೆಳಗೆ ತಲೆ ಹಾಕಿ ತೋಡುತ್ತಿದ್ದೆ. ಒಮ್ಮೆಲೇ ಎಲ್ಲರ ಮಾತು ನಿಂತಿತು. ಸೃಷ್ಟಿ ಪಿಸುದನಿಯಲ್ಲಿ, “ಅವ್ವಾ, ಅಲುಗಾಡಬ್ಯಾಡ” ಎಂದಳು. ಹಾವು ಎಂದುಕೊಂಡೆ. ಮರುಭೂಮಿಯ ವಿಷಸರ್ಪಗಳ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಎಲ್ಲವೂ ಅನುಕ್ರಮವಾಗಿ ನೆನಪಾದವು. ಕಣ್ಣು ಗಟ್ಟಿಯಾಗಿ ಮುಚ್ಚಿ, ಉಸಿರು ಬಿಗಿಹಿಡಿದು, ಮನೆದೇವರನ್ನು ನೆನೆಯುತ್ತ ಬಿದ್ದುಕೊಂಡೆ.

“ಹೋತು, ಈಗ ಏಳು” ಎಂದರು ಮನೆಯವರು. ಎದ್ದು, “ಎಷ್ಟು ಉದ್ದ ಇತ್ರಿ?” ಎಂದು ಕೇಳಿದೆ.

“ಉದ್ದ ಅಲ್ಲ, ಎತ್ತರ” ಎಂದಳು ಸೃಷ್ಟಿ. ಅವಳ ಕಣ್ಣಲ್ಲಿ ನೀರಿತ್ತು. ಎರೆಭೂತ ಕಾರಿನಿಂದ ಸ್ವಲ್ಪವೇ ದೂರದಲ್ಲಿ ಹುಲ್ಲಿನಿಂದ ಹೊರಬಂದು, ನಿಂತು, ಎಲ್ಲರನ್ನೂ ನೋಡಿ, ದಾರಿ ದಾಟಿ ಹೋಗಿತ್ತಂತೆ. ಫೋನು ಕಾರಿನೊಳಗಿತ್ತು, ಬಾಗಿಲು ತೆಗೆದರೆ ಹಾರಿಹೋದೀತೆಂದು ಯಾರೂ ಕದಲಲಿಲ್ಲ. ನಾನು ಆ ಕಡೆ ಓಡಿದೆ. ಹುಲ್ಲು ಮಾತ್ರ ಅಲ್ಲಾಡುತ್ತಿತ್ತು, ಅದೂ ಗಾಳಿಗೆ. ಅತ್ತೆ ಬಂದು ನನ್ನ ಸೆರಗಿನ ಉಸುಕು ಝಾಡಿಸಿ, “ಇರಲಿ ಬಿಡವಾ, ಹೆಂಗಿತ್ತಂತ ನಾ ಹೇಳ್ತೇನಿ” ಎಂದರು. ಮುದುಕ ದೂಡಿದ, ಕಾರು ಮೇಲೆ ಬಂತು, ಅತ್ತೆ ಅವನಿಗೆ ನಾಲ್ಕು ರೊಟ್ಟಿ, ಒಂದು ಮುಷ್ಟಿ ಚಟ್ನಿ ಕಟ್ಟಿಕೊಟ್ಟರು.

ಸೂಟಿ ಮುಗಿದು ಶಾಲೆಗೆ ಹೋದೆ. ತರಗತಿಯಲ್ಲಿ ಕಾಲಿಟ್ಟೊಡನೆ ಒಂದೇ ಪ್ರಶ್ನೆ: “ಎರೆಭೂತ ಕಾಣ್ತೇನ್ರಿ ಟೀಚರ್?” ನಮ್ಮ ಭಾಷೆ ದೊಡ್ಡ ಮನಸ್ಸಿನದು. ಯಾರಿಗೆ ಎಂದು ಹೇಳದೆಯೂ ವಾಕ್ಯ ಪೂರ್ತಿಯಾಗುತ್ತದೆ. “ಕಾಣ್ತು” ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ರೇಷ್ಮಾ ಎದ್ದಳು. “ಯಾರಿಗೆ ಕಾಣ್ತ್ರಿ?” ಎಂದಳು.

ನಡೆದದ್ದನ್ನು ಹೇಳಿಬಿಟ್ಟೆ. ತಾಟು, ಉಸುಕು, ಮುಚ್ಚಿದ ಕಣ್ಣು, ಯಾವುದನ್ನೂ ಬಿಡಲಿಲ್ಲ. ಹೆಡ್‌ಮಾಸ್ತರರು ಬಂದು ಇಣುಕುವಷ್ಟು ನಗು. ಕಡೆಗೆ ಮಕ್ಕಳು, ನೋಡಿದವರನ್ನೇ ಕರೆದುಕೊಂಡು ಬನ್ನಿ ಎಂದು ಹಟ ಹಿಡಿದರು.

ಮರುವಾರ ಅತ್ತೆ ಇಳಕಲ್ ಸೀರೆ ಉಟ್ಟು ಬಂದು ನನ್ನ ಕುರ್ಚಿಯಲ್ಲಿ ಕುಳಿತರು. ನಾನು ರೇಷ್ಮಾಳ ಪಕ್ಕದಲ್ಲಿ, ಹಿಂದಿನ ಬೆಂಚಿನಲ್ಲಿ. “ಕುತ್ತಿಗಿ ಬೆಳ್ಳಗ, ತಲೀಗೆ ಕರೇ ಟೊಪಗಿ, ಎದಿ ಮುಂದ ಮಾಡಿ, ಊರ ಗೌಡ ಬಂದಂಗ” ಎಂದು ಅವರು ಎದ್ದು, ಕಿಟಕಿಯಿಂದ ಬಾಗಿಲ ತನಕ ಒಂದೊಂದೇ ಹೆಜ್ಜೆ ಇಟ್ಟು ನಡೆದು ತೋರಿಸಿದರು. ನಡುವೆ ನಿಂತು, ಕತ್ತು ತಿರುಗಿಸಿ, ನಮ್ಮನ್ನು ನೋಡಿದರು.

“ತಿಳೀತಿಲ್ಲೋ?” ಎಂದು ಕೇಳಿದರು.

“ತಿಳೀತ್ರಿ ಆಯಿ” ಎಂದರು ಮಕ್ಕಳು.

“ನಿನಗವಾ?” ಎಂದು ಹಿಂದಿನ ಬೆಂಚಿನ ಕಡೆ ನೋಡಿದರು. ಎದ್ದು ನಿಂತು, “ತಿಳೀತ್ರಿ ಅತ್ತಿ” ಎಂದೆ.